ಮಕ್ಕಳಿಗೆ ಕುದುರೆ ಕತೆ ಹೇಳುವುದು ಹೇಗೆ: ಸಿವ್ಕಾ-ಬುರ್ಕಾದಿಂದ ರಖ್ಶ್ ತನಕ

"ಕುದುರೆ ಕತೆ ಹೇಳು ಅಂತ ಮಗು ಹಟ ಹಿಡಿದಿದೆ, ಯಾವುದು ಹೇಳಲಿ?" ಈ ಪ್ರಶ್ನೆ ಮತ್ತೆ ಮತ್ತೆ ಬರುತ್ತದೆ. ಅದರ ಬೆನ್ನಿಗೇ ಇನ್ನೆರಡು ಇರುತ್ತವೆ. ಕುದುರೆ ಸಾಯುವ ಕತೆ ಹೇಳಬಹುದಾ? ರೆಕ್ಕೆ ಇರುವ ಕುದುರೆ ನಿಜವಾಗಿ ಇತ್ತಾ ಅಂತ ಕೇಳಿದರೆ ಏನು ಹೇಳಬೇಕು? ಮೂರಕ್ಕೂ ಸೇರಿಸಿ ಇಲ್ಲಿ ಉತ್ತರ ಬರೆದಿದ್ದೇನೆ.

ಕುದುರೆ ಕತೆ ಕೆಡುವುದು ಹೆಚ್ಚಾಗಿ ಒಂದೇ ಕಾರಣಕ್ಕೆ. ಹೇಳುವವರು ರಾಜಕುಮಾರನ ಹಿಂದೆ ಹೋಗಿಬಿಡುತ್ತಾರೆ. ಕುದುರೆ ಅವನನ್ನು ಹೊತ್ತುಕೊಂಡು ಹೋಗುವ ಗಾಡಿ ಆಗಿಬಿಡುತ್ತದೆ. ಆದರೆ ಮಗು ಕೇಳಿದ್ದು ಕುದುರೆ ಕತೆಯನ್ನು, ಅಲ್ವಾ? ಕುದುರೆ ಏನು ನೋಡಿತು, ಏನು ಮಾಡಿತು, ಅದಕ್ಕೆ ಏನಾಯಿತು ಎಂಬುದರ ಕೈ ಬಿಡಬೇಡಿ. ಮುಂದೆ ಹೇಳುವ ಎಲ್ಲ ಹಂತಗಳೂ ಇದಕ್ಕಾಗಿಯೇ.

ಇದಕ್ಕೆ ಬೇಕಾಗುವುದು ಕಾಲು ಗಂಟೆ ಸಮಯ, ಚೆನ್ನಾಗಿ ಗೊತ್ತಿರುವ ಒಂದು ಕತೆ, ನಿಮ್ಮ ಎರಡು ಅಂಗೈ. ಚಿತ್ರದ ಪುಸ್ತಕ ಇದ್ದರೆ ಇರಲಿ, ಇಲ್ಲದಿದ್ದರೂ ನಡೆಯುತ್ತದೆ.

1. ಇದು ಯಾವ ಬಗೆಯ ಕುದುರೆ ಅಂತ ಮೊದಲು ತಿಳಿದುಕೊಳ್ಳಿ

"ನಿಜವಾಗಿ ಇತ್ತಾ?" ಎಂಬ ಪ್ರಶ್ನೆಗೆ ಇಲ್ಲೇ ತಯಾರಾಗಬೇಕು. ಕತೆಯ ಕುದುರೆಗಳಲ್ಲಿ ಮುಖ್ಯವಾಗಿ ನಾಲ್ಕು ಬಗೆ.

ಪುರಾಣದ ಕುದುರೆ ಅಂದರೆ ದೇವರುಗಳ ಕತೆಯಲ್ಲಿ ಬರುವುದು. ಸಮುದ್ರ ಕಡೆದಾಗ ಎದ್ದು ಬಂದ ಬಿಳಿ ಕುದುರೆ ಉಚ್ಚೈಃಶ್ರವಸ್ಸು, ಗ್ರೀಸಿನ ರೆಕ್ಕೆಯ ಕುದುರೆ ಪೆಗಸಸ್, ಉತ್ತರ ಯುರೋಪಿನ ಓಡಿನ್ ದೇವರ ಎಂಟು ಕಾಲಿನ ಸ್ಲೇಪ್ನಿರ್ ಎಲ್ಲ ಈ ಗುಂಪಿಗೆ ಸೇರುತ್ತವೆ.

ಜನಪದದ ಕುದುರೆ ಬಾಯಿಂದ ಬಾಯಿಗೆ ಹರಿದು ಬಂದದ್ದು. ಅದಕ್ಕೆ ಒಬ್ಬ ಕತೆಗಾರ ಅಂತ ಇರುವುದಿಲ್ಲ. ರಷ್ಯಾದ ಸಿವ್ಕಾ-ಬುರ್ಕಾ, ಸ್ಕಾಟ್ಲೆಂಡಿನ ನೀರಿನಲ್ಲಿರುವ ಮಾಯದ ಕುದುರೆ ಕೆಲ್ಪಿ ಹೀಗೆ ಬಂದವು.

ಮಹಾಕಾವ್ಯದ ಕುದುರೆ ದೊಡ್ಡ ವೀರನ ಜೊತೆಗಾರ. ಇರಾನಿನ ವೀರ ರುಸ್ತುಮನ ಕುದುರೆ ರಖ್ಶ್ ಇದಕ್ಕೆ ಒಳ್ಳೆಯ ಉದಾಹರಣೆ. ಕವಿ ಫಿರ್ದೌಸಿ ಸುಮಾರು 1010 ರಲ್ಲಿ ಮುಗಿಸಿದ 'ಶಾಹನಾಮೆ'ಯಲ್ಲಿ ಅದರ ಕತೆ ಇದೆ. ಮಧ್ಯ ಏಷ್ಯಾದ ಕಿರ್ಗಿಜ್ ಜನರ 'ಮನಾಸ್' ಕಾವ್ಯದಲ್ಲೂ ವೀರನಷ್ಟೇ ಹೆಸರು ಅವನ ಕುದುರೆ ಅಕ್-ಕುಲಾಗೆ ಇದೆ.

ಕೊನೆಯದು ಚರಿತ್ರೆಯ ಕುದುರೆ. ಅದರ ಯಜಮಾನ ನಿಜ, ಯುದ್ಧ ನಿಜ, ಮೇಲೆ ದಂತಕತೆ ಬೆಳೆದಿರುತ್ತದೆ. ದಂತಕತೆ ಅಂದರೆ ನಡೆದದ್ದರ ಸುತ್ತ ಜನ ಹೇಳಿ ಹೇಳಿ ಬೆಳೆಸಿದ ಕತೆ. ಅಲೆಕ್ಸಾಂಡರನ ಬ್ಯುಸಿಫಲಸ್, 1576 ರ ಹಲ್ದಿಘಾಟಿ ಯುದ್ಧದ ಜೊತೆ ಹೆಸರಾದ ರಾಣಾ ಪ್ರತಾಪನ ಚೇತಕ್ ಇಂಥವು.

ಮಗು ಕೇಳಿದಾಗ ಬಗೆ ನೋಡಿ ಉತ್ತರ ಕೊಡಿ. "ಅಲೆಕ್ಸಾಂಡರನ ಕುದುರೆ ನಿಜವಾಗಿ ಇತ್ತು. ಪೆಗಸಸ್ ಜನ ಮನಸ್ಸಿನಲ್ಲಿ ಕಟ್ಟಿದ ಕುದುರೆ." ಇಷ್ಟು ನೇರವಾಗಿ ಹೇಳಿದರೆ ಮಗುವಿಗೆ ಬೇಜಾರಾಗುವುದಿಲ್ಲ.

ಜೊತೆಗೆ ಇದನ್ನೂ ಹೇಳಬಹುದು. ನಾಗಾಲೋಟದಲ್ಲಿ ಓಡುವ ನಿಜವಾದ ಕುದುರೆಯ ನಾಲ್ಕೂ ಕಾಲು ಪ್ರತಿ ನೆಗೆತದಲ್ಲಿ ಒಂದು ಕ್ಷಣ ನೆಲ ಬಿಡುತ್ತವೆ. ಬರಿಗಣ್ಣಿಗೆ ಅದು ಕಾಣುವುದಿಲ್ಲ. 1878 ರಲ್ಲಿ ಎಡ್ವರ್ಡ್ ಮೈಬ್ರಿಜ್ ಎಂಬ ಛಾಯಾಗ್ರಾಹಕ ಕ್ಯಾಲಿಫೋರ್ನಿಯಾದಲ್ಲಿ ಕ್ಯಾಮೆರಾಗಳ ಸಾಲು ನಿಲ್ಲಿಸಿ ಇದನ್ನು ಚಿತ್ರದಲ್ಲಿ ತೋರಿಸಿಕೊಟ್ಟ. ರೆಕ್ಕೆಯ ಕುದುರೆಯನ್ನು ಕಲ್ಪಿಸಿದ ಹಳೆಯ ಜನ ಕುದುರೆಯನ್ನು ಎಷ್ಟು ಚೆನ್ನಾಗಿ ನೋಡಿದ್ದರು ಅನ್ನಿಸಿ ನನಗೆ ಈ ಸಂಗತಿ ಬಹಳ ಇಷ್ಟ.

ಎಚ್ಚರಿಕೆ: ಯೂನಿಕಾರ್ನ್ ಮತ್ತು ಪೆಗಸಸ್ ಬೇರೆ ಬೇರೆ. ಒಂದಕ್ಕೆ ಹಣೆಯಲ್ಲಿ ಕೊಂಬು, ಇನ್ನೊಂದಕ್ಕೆ ರೆಕ್ಕೆ. ಆಟಿಕೆಗಳಲ್ಲಿ ಎರಡೂ ಕಲಸಿಹೋಗಿವೆ. ಪೆಗಸಸ್ ಮೇಲೆ ಹರ್ಕ್ಯುಲಿಸ್ ಸವಾರಿ ಮಾಡಿದ ಅಂತಲೂ ಮಕ್ಕಳು ಕಾರ್ಟೂನ್ ನೋಡಿ ಹೇಳುತ್ತಾರೆ. ಹಳೆಯ ಗ್ರೀಕ್ ಕತೆಯಲ್ಲಿ ಅದನ್ನು ಪಳಗಿಸಿದವನು ಬೆಲರೊಫೋನ್ ಎಂಬ ವೀರ.

2. ವಯಸ್ಸು ನೋಡಿ ಕುದುರೆ ಆರಿಸಿ

ನಾಲ್ಕೈದು ವರ್ಷದ ಮಗುವಿಗೆ ಕಣ್ಣಿಗೆ ಕಟ್ಟುವ ಒಂದೇ ಒಂದು ಅಚ್ಚರಿ ಸಾಕು. ಫ್ರಾನ್ಸಿನ ಹಳೆಯ ಕತೆಯ ಬಾಯಾರ್ ಇಲ್ಲಿ ಹೇಳಿ ಮಾಡಿಸಿದ ಹಾಗಿದೆ. ನಾಲ್ಕು ಜನ ಅಣ್ಣತಮ್ಮಂದಿರು, ಇರುವುದು ಒಂದೇ ಕುದುರೆ. ಒಬ್ಬ ಹತ್ತಿದ. ಇನ್ನೊಬ್ಬ ಹತ್ತಿದ, ಕುದುರೆಯ ಬೆನ್ನು ಸ್ವಲ್ಪ ಉದ್ದ ಆಯಿತು. ಮೂರನೆಯವನು ಹತ್ತಿದ, ಇನ್ನೂ ಉದ್ದ. ನಾಲ್ಕನೆಯವನಿಗೂ ಜಾಗ ಆಯಿತು! ನೀವು ಹೇಳುತ್ತಾ ಕೈ ಅಗಲಿಸುತ್ತಾ ಹೋಗಿ, ಮಗು ನಾಲ್ಕನೆಯವನಿಗೆ ಕಾಯುತ್ತಾ ಕೂರುತ್ತದೆ.

ಆರೇಳು ವರ್ಷಕ್ಕೆ ಸಿವ್ಕಾ-ಬುರ್ಕಾ ಹೇಳಿ. 'ಅರೇಬಿಯನ್ ನೈಟ್ಸ್'ನ ಕರಿಮರದ ಕುದುರೆಯೂ ಆಗುತ್ತದೆ. ಅದಕ್ಕೆ ಜೀವ ಇಲ್ಲ. ಗೂಟ ತಿರುಗಿಸಿದರೆ ಮೇಲೆ ಹಾರುತ್ತದೆ. ರಾಜಕುಮಾರ ಹತ್ತಿ ಹಾರಿಬಿಡುತ್ತಾನೆ, ಇಳಿಯುವುದು ಹೇಗೆ ಅಂತ ಕೇಳಿಯೇ ಇರುವುದಿಲ್ಲ! ಇನ್ನೊಂದು ಪುಟ್ಟ ಗೂಟ ಸಿಗುವ ತನಕ ಮಗು ಉಸಿರು ಬಿಗಿಹಿಡಿದಿರುತ್ತದೆ. ಆ ಹುಡುಕಾಟವನ್ನು ಎಳೆದು ಎಳೆದು ಹೇಳಿ.

ಎಂಟರ ನಂತರ ಪೆಗಸಸ್, ಸ್ಲೇಪ್ನಿರ್, ಬ್ಯುಸಿಫಲಸ್, ರಖ್ಶ್. ಉಚ್ಚೈಃಶ್ರವಸ್ಸಿನ ಬಾಲದ ಪಂದ್ಯವೂ ಈ ವಯಸ್ಸಿಗೆ ಚೆನ್ನ. ಬಾಲ ಕಪ್ಪು ಅಂತ ಕದ್ರು, ಬಿಳಿ ಅಂತ ವಿನತೆ. ಸೋತವರು ಗೆದ್ದವರ ದಾಸಿ ಆಗಬೇಕು. ಕದ್ರುವಿನ ಹಾವಿನ ಮಕ್ಕಳು ಹೋಗಿ ಬಾಲಕ್ಕೆ ಸುತ್ತಿಕೊಂಡು ಅದನ್ನು ಕಪ್ಪಾಗಿ ಕಾಣಿಸುತ್ತವೆ. "ಇದು ಮೋಸ!" ಅಂತ ಮಕ್ಕಳು ಕೂಗುವುದು ಇಲ್ಲಿಯೇ. ಕೂಗಲಿ, ತಡೆಯಬೇಡಿ.

ಹತ್ತು ದಾಟಿದ ಮೇಲೆ ದುಃಖದ ಕತೆಗಳು. ಅವುಗಳ ವಿಷಯ ಐದನೇ ಹಂತದಲ್ಲಿದೆ.

3. ಆ ಕುದುರೆ ಮಾತ್ರ ಮಾಡಿದ ಒಂದು ಕೆಲಸ ಹುಡುಕಿ

ಇದೇ ಎಲ್ಲಕ್ಕಿಂತ ಮುಖ್ಯ ಹಂತ. ಕತೆ ಎಷ್ಟೇ ದೊಡ್ಡದಿರಲಿ, ಸವಾರನ ಕೈಲಾಗದೆ ಕುದುರೆಯೇ ಮಾಡಿದ ಒಂದು ಕೆಲಸ ಅದರಲ್ಲಿ ಇರುತ್ತದೆ. ಅದನ್ನು ಹಿಡಿದು ಉಳಿದದ್ದನ್ನು ಬಿಡಿ.

ರಖ್ಶ್ ಕತೆಯನ್ನೇ ನೋಡಿ. 'ಶಾಹನಾಮೆ'ಯಲ್ಲಿ ಸುಮಾರು 50,000 ದ್ವಿಪದಿಗಳಿವೆ. ದ್ವಿಪದಿ ಅಂದರೆ ಎರಡು ಸಾಲಿನ ಪದ್ಯ. ಅಷ್ಟನ್ನು ಮಗುವಿಗೆ ಹೇಳಲು ಆಗುವುದಿಲ್ಲ. ನಾನು ಆರಿಸುವುದು ಒಂದು ರಾತ್ರಿ.

ರುಸ್ತುಮ್ ದಾರಿಯಲ್ಲಿ ಮಲಗಿದ್ದಾನೆ. ಕತ್ತಲಲ್ಲಿ ಒಂದು ಘಟಸರ್ಪ, ಅಂದರೆ ಡ್ರ್ಯಾಗನ್, ಬರುತ್ತದೆ. ರಖ್ಶ್ ನೆಲ ಕೆರೆದು, ಗೊರಸು ಬಡಿದು ಎಬ್ಬಿಸುತ್ತದೆ. ರುಸ್ತುಮ್ ಎದ್ದು ನೋಡಿದರೆ ಏನೂ ಇಲ್ಲ, ಸರ್ಪ ಕತ್ತಲಲ್ಲಿ ಮಾಯ. ಬೈದು ಮತ್ತೆ ಮಲಗುತ್ತಾನೆ. ಸರ್ಪ ಮತ್ತೆ ಬರುತ್ತದೆ. ರಖ್ಶ್ ಮತ್ತೆ ಎಬ್ಬಿಸುತ್ತದೆ. ಮತ್ತೆ ಏನೂ ಕಾಣುವುದಿಲ್ಲ. ಈ ಸಲ ರುಸ್ತುಮನಿಗೆ ಸಿಟ್ಟು ನೆತ್ತಿಗೇರುತ್ತದೆ. "ಇನ್ನೊಂದು ಸಲ ಎಬ್ಬಿಸಿದರೆ ನಿನ್ನ ತಲೆ ಕಡಿಯುತ್ತೇನೆ" ಅನ್ನುತ್ತಾನೆ. ಮೂರನೇ ಸಲ ಸರ್ಪ ಬರುತ್ತದೆ.

ಇಲ್ಲಿ ನಿಲ್ಲಿಸಿ. ಮಗುವನ್ನು ಕೇಳಿ: ರಖ್ಶ್ ಈಗ ಏನು ಮಾಡಬೇಕು? ಎಬ್ಬಿಸಿದರೆ ತನ್ನ ತಲೆ ಹೋಗುತ್ತದೆ. ಎಬ್ಬಿಸದಿದ್ದರೆ ಯಜಮಾನ ಸಾಯುತ್ತಾನೆ. ಮಗು ಯೋಚಿಸಲಿ, ಎಷ್ಟು ಹೊತ್ತಾದರೂ ಆಗಲಿ.

ರಖ್ಶ್ ಹೆದರುತ್ತದೆ, ಆದರೂ ಎಬ್ಬಿಸುತ್ತದೆ. ಈ ಸಲ ರುಸ್ತುಮನಿಗೆ ಸರ್ಪ ಕಾಣುತ್ತದೆ. ಅವನು ಹೋರಾಡುವಾಗ ರಖ್ಶ್ ಪಕ್ಕದಲ್ಲಿ ಸುಮ್ಮನೆ ನಿಲ್ಲುವುದಿಲ್ಲ, ಸರ್ಪದ ಭುಜಕ್ಕೆ ಹಲ್ಲು ಹಾಕುತ್ತದೆ. ಸರ್ಪದ ಕತ್ತು ಕಡಿದವನು ರುಸ್ತುಮ್. ಆದರೆ ಆ ರಾತ್ರಿ ಹೆಚ್ಚಿನ ಧೈರ್ಯ ಯಾರದು ಅಂತ ಮಗುವಿಗೆ ನೀವು ಹೇಳಿಕೊಡಬೇಕಾಗಿಲ್ಲ.

ಬ್ಯುಸಿಫಲಸ್‌ನಲ್ಲಿ ಹೀಗೆ ಹಿಡಿಯಬೇಕಾದದ್ದು ಅದರ ಭಯ. ಯಾರನ್ನೂ ಹತ್ತಿಸಿಕೊಳ್ಳದ ಆ ಕುದುರೆ ತನ್ನ ನೆರಳಿಗೇ ಹೆದರುತ್ತಿದೆ ಅಂತ ಹುಡುಗ ಅಲೆಕ್ಸಾಂಡರ್ ಗಮನಿಸಿದ. ಅದರ ಮುಖವನ್ನು ಸೂರ್ಯನ ಕಡೆ ತಿರುಗಿಸಿದ. ನೆರಳು ಹಿಂದೆ ಹೋಯಿತು, ಕುದುರೆ ಶಾಂತವಾಯಿತು. ಗ್ರೀಕ್ ಲೇಖಕ ಪ್ಲುಟಾರ್ಕ್ ಹೇಳಿರುವ ಪ್ರಸಂಗ ಇದು. ಬಿಸಿಲಿನಲ್ಲಿ ಮಗುವನ್ನೇ ನಿಲ್ಲಿಸಿ, ತಿರುಗಿಸಿ ತೋರಿಸಿ.

ಪೆಗಸಸ್ ಗೊರಸಿನಿಂದ ಬಂಡೆಗೆ ಒದ್ದಾಗ ನೀರು ಚಿಮ್ಮಿತು. ಹೆಲಿಕಾನ್ ಬೆಟ್ಟದ ಆ ಒರತೆಯ ಹೆಸರು ಹಿಪ್ಪೊಕ್ರೀನ್, ಅಂದರೆ ಕುದುರೆಯ ಒರತೆ. ಬೆಲರೊಫೋನನ ಯುದ್ಧಕ್ಕಿಂತ ಇದು ಚಿಕ್ಕ ಮಕ್ಕಳ ಮನಸ್ಸಿನಲ್ಲಿ ಜಾಸ್ತಿ ದಿನ ಉಳಿಯುತ್ತದೆ.

4. ಕುದುರೆಗೆ ಮೈ ಕೊಡಿ

ಮಾಯದ ಕುದುರೆಗೂ ನಿಜವಾದ ಕಿವಿ ಇರಬೇಕು. ಅದಕ್ಕೆ ನಾಲ್ಕು ವಿಷಯ ಗೊತ್ತಿದ್ದರೆ ಸಾಕು.

ಕುದುರೆಯ ಒಂದೊಂದು ಕಿವಿಯೂ ಬೇರೆ ಬೇರೆ ದಿಕ್ಕಿಗೆ ತಿರುಗುತ್ತದೆ. ಮುಂದಕ್ಕೆ ನೆಟ್ಟಗಾದರೆ ಏನನ್ನೋ ಗಮನಿಸುತ್ತಿದೆ ಅಂತ. ಹಿಂದಕ್ಕೆ ಒತ್ತಿ ತಲೆಗೆ ಅಂಟಿಸಿದರೆ ಸಿಟ್ಟು. ಅದು ನಿಂತುಕೊಂಡೇ ತೂಕಡಿಸಬಲ್ಲದು. ಕಣ್ಣು ತಲೆಯ ಎರಡು ಬದಿಗೆ ಇರುವುದರಿಂದ ಸುತ್ತಲೂ ಹೆಚ್ಚುಕಡಿಮೆ ಎಲ್ಲ ಕಾಣುತ್ತದೆ, ಆದರೆ ಮೂಗಿನ ನೇರಕ್ಕೆ ಮತ್ತು ಬೆನ್ನ ಹಿಂದೆ ಸ್ವಲ್ಪ ಜಾಗ ಕಾಣುವುದಿಲ್ಲ.

ಇದನ್ನು ಪಾಠದ ಹಾಗೆ ಹೇಳಬೇಡಿ, ಕತೆಯಲ್ಲಿ ಬಳಸಿ. "ಸರ್ಪ ಬಂತು" ಅನ್ನುವ ಮೊದಲು "ರಖ್ಶ್‌ನ ಒಂದು ಕಿವಿ ತಿರುಗಿತು" ಅನ್ನಿ. ಕೋಣೆಯೇ ಸದ್ದಡಗುತ್ತದೆ.

ಇನ್ನು ಅಂಗೈ. ಕುದುರೆಯ ಓಟವನ್ನು ತೊಡೆಯ ಮೇಲೆ ತಟ್ಟಿ. ನಡಿಗೆಗೆ ನಾಲ್ಕು ಪೆಟ್ಟು, ಒಂದೇ ಸಮ: ಟಕ್, ಟಕ್, ಟಕ್, ಟಕ್. ಹಗುರ ಓಟಕ್ಕೆ ಎರಡೇ ಪೆಟ್ಟು: ಟಕ-ಟಕ, ಟಕ-ಟಕ. ಸ್ವಲ್ಪ ಜೋರಾದರೆ ಮೂರು: ಟ-ಟ-ಟಕ್. ನಾಗಾಲೋಟಕ್ಕೆ ಬಿರುಸಾಗಿ ನಾಲ್ಕು, ಆಮೇಲೆ ಒಂದು ಚಿಕ್ಕ ಮೌನ. ಆ ಮೌನದಲ್ಲೇ ಕುದುರೆ ಗಾಳಿಯಲ್ಲಿರುವುದು. ಒಂದೆರಡು ಸಲ ಮೊದಲೇ ತಟ್ಟಿ ನೋಡಿಕೊಳ್ಳಿ. ಕೈಗೆ ಹತ್ತಿದ ಮೇಲೆ ಮರೆಯುವುದಿಲ್ಲ.

ಸ್ಲೇಪ್ನಿರ್ ಕತೆ ಹೇಳುವ ದಿನ ಮಗುವೂ ತಟ್ಟಲಿ. ನಿಮ್ಮ ನಾಲ್ಕು, ಅದರ ನಾಲ್ಕು, ಎಂಟು ಕಾಲು ಆಗುತ್ತದೆ. ಎಂಟು ಕಾಲನ್ನು ಎಲ್ಲಿ ಬರೆಯುವುದು ಅಂತ ಮಕ್ಕಳು ಚಿತ್ರ ಬರೆಯುವಾಗ ಕೇಳುತ್ತಾರೆ. ಸ್ವೀಡನ್ನಿನ ಗಾಟ್ಲೆಂಡ್ ದ್ವೀಪದಲ್ಲಿ ಸಿಕ್ಕಿದ ವೈಕಿಂಗ್ ಕಾಲದ ಚಿತ್ರಶಿಲೆಯೊಂದರಲ್ಲಿ ಎಂಟು ಕಾಲಿನ ಕುದುರೆ ಇದೆ. ಆ ಶಿಲ್ಪಿ ಮುಂದೆ ನಾಲ್ಕು, ಹಿಂದೆ ನಾಲ್ಕು ಕೆತ್ತಿದ್ದಾನೆ.

ಸ್ಲೇಪ್ನಿರ್ ಹುಟ್ಟಿದ ಬಗೆಯನ್ನು ಹೇಳಲು ಹಲವರು ಹಿಂಜರಿಯುತ್ತಾರೆ. ಹಿಂಜರಿಯುವಂಥದ್ದೇನಿಲ್ಲ. ದೇವರುಗಳಿಗೆ ಕೋಟೆ ಕಟ್ಟಿಕೊಡುತ್ತಿದ್ದವನಿಗೆ ಒಂದು ಬಲವಾದ ಕುದುರೆ ನೆರವಾಗುತ್ತಿತ್ತು. ಅದರ ಗಮನ ಕೆಡಿಸಲು ಲೋಕಿ ಎಂಬ ಕಿಡಿಗೇಡಿ ದೇವರು ಹೆಣ್ಣು ಕುದುರೆಯ ರೂಪ ತಾಳಿ ಓಡಿದ. ಕೆಲವು ಕಾಲದ ಮೇಲೆ ಎಂಟು ಕಾಲಿನ ಮರಿಯ ಜೊತೆ ವಾಪಸ್ ಬಂದ. ಹೀಗೆ ಸರಳವಾಗಿ ಹೇಳಿ ಮುಂದೆ ಹೋಗಿ. ಮಕ್ಕಳು ಮರಿಯ ಕಾಲು ಎಣಿಸುತ್ತಿರುತ್ತಾರೆ.

5. ಸಾವು ಬಂದಾಗ ಮುಚ್ಚಿಡಬೇಡಿ, ಹಿಗ್ಗಿಸಲೂ ಬೇಡಿ

ಕುದುರೆ ಕತೆಗಳಲ್ಲಿ ಸಾವು ಜಾಸ್ತಿ. ನನ್ನ ಅನುಭವದಲ್ಲಿ ಹೇಳುವವರು ಅತಿ ಹೆಚ್ಚು ಎಡವುವುದೂ ಇಲ್ಲಿಯೇ. ಸತ್ತ ಕುದುರೆಯನ್ನು ಕೊನೆಗೆ ಬದುಕಿಸಿಬಿಡುತ್ತಾರೆ. ಮಗು ಮುಂದೆ ಎಲ್ಲಾದರೂ ನಿಜವಾದ ಕತೆ ಓದಿದಾಗ ನಿಮ್ಮ ಮಾತಿನ ಮೇಲೆ ನಂಬಿಕೆ ಹೋಗುತ್ತದೆ. ಮಗುವಿಗೆ ತಡೆಯಲು ಆಗದು ಅನ್ನಿಸಿದರೆ ಆ ಕತೆಯನ್ನೇ ಇನ್ನೆರಡು ವರ್ಷ ಮುಂದೂಡಿ.

ದುಃಖದ ಕತೆಗಳಲ್ಲಿ ಮೊದಲು ಹೇಳಬೇಕಾದದ್ದು ಮಂಗೋಲಿಯಾದ್ದು. ನಮ್ಜಿಲ್ ಎಂಬವನಿಗೆ ರೆಕ್ಕೆಯ ಕುದುರೆ ಇತ್ತು. ಅದನ್ನೇರಿ ಅವನು ರಾತ್ರಿ ದೂರದಲ್ಲಿದ್ದ ತನ್ನ ಪ್ರೀತಿಯವಳನ್ನು ನೋಡಿ ಬರುತ್ತಿದ್ದ. ಹೊಟ್ಟೆಕಿಚ್ಚಿನ ಹೆಂಗಸೊಬ್ಬಳು ಕುದುರೆಯ ರೆಕ್ಕೆ ಕತ್ತರಿಸಿಬಿಟ್ಟಳು. ಕುದುರೆ ಸತ್ತಿತು. ನಮ್ಜಿಲ್ ಅದರ ನೆನಪಿಗೆ ಒಂದು ವಾದ್ಯ ಮಾಡಿದ. ಅದೇ ಮೊರಿನ್ ಖೂರ್, ಕುದುರೆ ತಲೆಯ ಪಿಟೀಲು. ಹಿಡಿಯ ತುದಿಯಲ್ಲಿ ಕೆತ್ತಿದ ಕುದುರೆ ತಲೆ, ಎರಡು ತಂತಿ. ಹಳೆಯ ಕ್ರಮದಲ್ಲಿ ಆ ತಂತಿಯೂ ಕಮಾನಿನ ಎಳೆಯೂ ಕುದುರೆ ಬಾಲದ ಕೂದಲೇ. ಯುನೆಸ್ಕೊ 2008 ರಲ್ಲಿ ಇದರ ಸಂಗೀತವನ್ನು ಮಾನವಕುಲದ ಪರಂಪರೆಯ ಪಟ್ಟಿಗೆ ಸೇರಿಸಿತು.

ಕತೆ ಮುಗಿದ ಕೂಡಲೇ ಆ ವಾದ್ಯದ ಧ್ವನಿಯನ್ನು ಮೊಬೈಲಿನಲ್ಲಿ ಹುಡುಕಿ ಕೇಳಿಸಿ. ಮೊದಲೇ ಹುಡುಕಿ ಇಟ್ಟುಕೊಂಡಿರಿ, ಜಾಹೀರಾತು ಬಂದರೆ ಎಲ್ಲ ಹಾಳು. ಮಗು ಅತ್ತರೆ ಅಳಲಿ. "ಅಳಬೇಡ, ಇದು ಸುಮ್ನೆ ಕತೆ" ಅನ್ನಬೇಡಿ. ಪಕ್ಕದಲ್ಲಿ ಕೂತಿರಿ.

ಕೆಲವು ಕತೆಗೆ ಎರಡು ಅಂತ್ಯ ಇರುತ್ತದೆ. ಬಾಯಾರ್ ಕುದುರೆಯನ್ನು ಷಾರ್ಲ್‌ಮೇನ್ ದೊರೆ ಕುತ್ತಿಗೆಗೆ ಬೀಸುಗಲ್ಲು ಕಟ್ಟಿ ಮ್ಯೂಸ್ ನದಿಗೆ ತಳ್ಳಿಸುತ್ತಾನೆ. ಫ್ರೆಂಚ್ ಕತೆಯಲ್ಲಿ ಕುದುರೆ ಕಲ್ಲು ಒಡೆದುಕೊಂಡು ಆರ್ಡೆನ್ ಕಾಡಿಗೆ ಓಡುತ್ತದೆ, ಈಗಲೂ ಅಲ್ಲಿದೆಯಂತೆ. ಬೆಲ್ಜಿಯಂನ ಫ್ಲಾಂಡರ್ಸ್ ಕಡೆಯವರು ಹೇಳುವಾಗ ಅದು ಮುಳುಗುತ್ತದೆ. ಇಂಥ ಕಡೆ ಚಿಕ್ಕ ಮಗುವಿಗೆ ಮೊದಲನೆಯದನ್ನು ನಿಶ್ಚಿಂತೆಯಿಂದ ಹೇಳಿ. ಅದು ಜನರೇ ಉಳಿಸಿಕೊಂಡ ಅಂತ್ಯ, ನೀವು ಬದಲಾಯಿಸಿದ್ದಲ್ಲ.

ಕೆಲ್ಪಿ ಕತೆಗೆ ಬೇರೆ ಎಚ್ಚರ ಬೇಕು. ಕೆರೆ ಬದಿಯಲ್ಲಿ ಚಂದದ ಕುದುರೆ ನಿಂತಿರುತ್ತದೆ. ಮಕ್ಕಳು ಒಬ್ಬೊಬ್ಬರಾಗಿ ಹತ್ತುತ್ತಾರೆ, ಬೆನ್ನು ಉದ್ದ ಆಗುತ್ತಾ ಹೋಗುತ್ತದೆ. ಕೊನೆಗೆ ಎಲ್ಲರ ಕೈ ಅಂಟಿಕೊಳ್ಳುತ್ತದೆ, ಕುದುರೆ ನೀರಿಗೆ ಧುಮುಕುತ್ತದೆ. ಬಾಯಾರ್‌ನದೂ ಉದ್ದವಾಗುವ ಬೆನ್ನೇ, ಗಮನಿಸಿದಿರಾ? ಒಂದು ಕಾಪಾಡಲು, ಇನ್ನೊಂದು ಮುಳುಗಿಸಲು. ಎರಡನ್ನೂ ಕೇಳಿದ ದೊಡ್ಡ ಮಕ್ಕಳು ಇದನ್ನು ತಾವೇ ಕಂಡುಹಿಡಿಯುತ್ತಾರೆ. ಆಳ ನೀರಿನ ಹತ್ತಿರ ಮಕ್ಕಳು ಹೋಗದಿರಲಿ ಅಂತ ಹೇಳುತ್ತಿದ್ದ ಕತೆ ಇದು. ಹಗಲಲ್ಲಿ ಹೇಳಿ, ಮಲಗುವ ಹೊತ್ತಿಗೆ ಬೇಡ. ಗ್ರಿಮ್ ಸಹೋದರರ ಸಂಗ್ರಹದಲ್ಲಿ ಬರುವ ಮಾತಾಡುವ ಕುದುರೆ ಫಲಾಡಾ ಕೂಡ ರಾತ್ರಿಗಲ್ಲ. ಅದರ ಕಡಿದ ತಲೆಯನ್ನು ಬಾಗಿಲಿಗೆ ಮೊಳೆ ಹೊಡೆದಿರುತ್ತಾರೆ.

6. ಹೆಸರು ಬದಲಿಸಬೇಡಿ

ಪೆಗಸಸ್‌ಗೆ 'ಚಿನ್ನು' ಅಂತ ಹೆಸರಿಟ್ಟು ಹೇಳುವವರಿದ್ದಾರೆ. ಬೇಡ. ಮಕ್ಕಳಿಗೆ ವಿಚಿತ್ರ ಹೆಸರೆಂದರೆ ಪ್ರಾಣ. ಸ್ಲೇ-ಪ್ನಿರ್, ಬ್ಯು-ಸಿ-ಫ-ಲಸ್, ಮೊ-ರಿನ್-ಖೂರ್ ಅಂತ ಒಡೆದು ಮೂರು ಸಲ ಹೇಳಿಸಿ. ಅರ್ಥ ಗೊತ್ತಿದ್ದರೆ ಹೇಳಿ: ಬ್ಯುಸಿಫಲಸ್ ಅಂದರೆ ಎತ್ತಿನ ತಲೆಯದು. ಸಿವ್ಕಾ, ಬುರ್ಕಾ ಎರಡೂ ಕುದುರೆಯ ಬಣ್ಣದ ಹೆಸರುಗಳು, ಬೂದು ಮತ್ತು ಕಂದು.

7. ಮೊದಲ ಕತೆಯಾಗಿ ಸಿವ್ಕಾ-ಬುರ್ಕಾ ಹೇಳಿ

ಎಲ್ಲಿಂದ ಶುರು ಮಾಡಲಿ ಅಂದರೆ ನನ್ನ ಉತ್ತರ ಇದೇ. ಎಲ್ಲವೂ ಮೂರು ಮೂರು ಸಲ ನಡೆಯುವುದರಿಂದ ನೆನಪಿಡುವುದು ಸುಲಭ.

ಮೂವರು ಅಣ್ಣತಮ್ಮಂದಿರು. ಕೊನೆಯವನು ಇವಾನ್, ಎಲ್ಲರೂ ಪೆದ್ದ ಅನ್ನುವ ಹುಡುಗ. ಅಪ್ಪ ಸಾಯುವಾಗ "ಮೂರು ರಾತ್ರಿ ನನ್ನ ಸಮಾಧಿಯ ಹತ್ತಿರ ಒಬ್ಬೊಬ್ಬರು ಬನ್ನಿ" ಅಂದಿರುತ್ತಾನೆ. ಅಣ್ಣಂದಿರು ತಮ್ಮ ಸರದಿಗೂ ಇವಾನನನ್ನೇ ಕಳಿಸುತ್ತಾರೆ. ಮೂರನೇ ರಾತ್ರಿ ಅಪ್ಪ ಅವನಿಗೆ ಸಿವ್ಕಾ-ಬುರ್ಕಾವನ್ನು ಕೊಡುತ್ತಾನೆ. ಹೆದರುವ ಮಗು ಇದ್ದರೆ ಇಲ್ಲಿ ಅಪ್ಪನ ಧ್ವನಿ ಮಾತ್ರ ಕೇಳಿಸಲಿ.

ಆಮೇಲೆ ರಾಜಕುಮಾರಿ ಎತ್ತರದ ಕಿಟಕಿಯಲ್ಲಿ ಕೂರುತ್ತಾಳೆ. ಅಲ್ಲಿಗೆ ಕುದುರೆ ಹಾರಿಸಿದವನನ್ನು ಮದುವೆ ಆಗುತ್ತಾಳೆ. ಇವಾನ್ ಬಯಲಿಗೆ ಹೋಗಿ ಕುದುರೆಯನ್ನು ಕರೆಯುತ್ತಾನೆ. ನೆಲ ನಡುಗುತ್ತದೆ, ಕಣ್ಣಿಂದ ಬೆಂಕಿ, ಮೂಗಿನಿಂದ ಹೊಗೆ. ಅವನು ಕುದುರೆಯ ಒಂದು ಕಿವಿಯೊಳಗೆ ಹೊಕ್ಕು ಇನ್ನೊಂದು ಕಿವಿಯಿಂದ ಹೊರಬರುತ್ತಾನೆ, ಯಾರಿಗೂ ಗುರುತು ಸಿಗದಷ್ಟು ಚಂದದ ಯುವಕನಾಗಿ! ಮೊದಲ ಹಾರಿಕೆ ಮುಟ್ಟುವುದಿಲ್ಲ. ಎರಡನೆಯದು ಇನ್ನೇನು ಮುಟ್ಟಿತು ಅನ್ನುವಾಗ ತಪ್ಪುತ್ತದೆ. ಮೂರನೆಯದು ಮುಟ್ಟುತ್ತದೆ, ರಾಜಕುಮಾರಿಯ ಉಂಗುರ ಸಿಗುತ್ತದೆ. ಇವಾನ್ ಮನೆಗೆ ಬಂದು, ಉಂಗುರ ಕಾಣದಿರಲಿ ಅಂತ ಬೆರಳಿಗೆ ಬಟ್ಟೆ ಸುತ್ತಿಕೊಂಡು ಒಲೆಯ ಮೇಲೆ ಕೂರುತ್ತಾನೆ. ರಷ್ಯಾದ ಹಳ್ಳಿಮನೆಯ ಒಲೆ ಮೇಲೆ ಮಲಗುವಷ್ಟು ದೊಡ್ಡದು, ಇದನ್ನು ಮೊದಲೇ ಹೇಳಿಬಿಡಿ. ಇಲ್ಲದಿದ್ದರೆ "ಸುಡಲ್ವಾ?" ಅಂತ ಕತೆ ಅಲ್ಲೇ ನಿಲ್ಲುತ್ತದೆ.

ಮೂರೂ ಹಾರಿಕೆಗೆ ತೊಡೆ ತಟ್ಟಿ. ಮೊದಲನೆಯದಕ್ಕೆ ಹಗುರ ಓಟ, ಎರಡನೆಯದಕ್ಕೆ ಮೂರು ಪೆಟ್ಟಿನ ಓಟ, ಕೊನೆಯದಕ್ಕೆ ನಾಗಾಲೋಟ.

ಕುದುರೆಯನ್ನು ಕರೆಯುವ ಮಾತು ಪ್ರತಿ ಸಲವೂ ಒಂದೇ ಇರಬೇಕು, ಒಂದಕ್ಷರ ಬದಲಾಗಬಾರದು. ನಾನು ಹೀಗೆ ಹೇಳುತ್ತೇನೆ: "ಸಿವ್ಕಾ-ಬುರ್ಕಾ, ಮಾಯದ ಕುದುರೆ, ಹುಲ್ಲಿನ ಮುಂದೆ ಎಲೆಯ ಹಾಗೆ ನನ್ನ ಮುಂದೆ ಬಂದು ನಿಲ್ಲು!" ಮೊದಲ ಸಲ ನೀವೇ ಹೇಳಿ. ಎರಡನೇ ಸಲ ಮಗು ಜೊತೆ ಸೇರಿಸುತ್ತದೆ. ಮೂರನೇ ಸಲ ನೀವು ಶಿಳ್ಳೆ ಹಾಕಿ ಸುಮ್ಮನಾಗಿ, ಮಗುವೇ ಕರೆಯಲಿ.